ಕ್ಲಾರಿನೆಟ್ ಮೇಷ್ಟ್ರ ಉಸಿರು

ಕ್ಲಾರಿನೆಟ್ ಮೇಷ್ಟ್ರಿಗೆ ಕಂಪ್ಯೂಟರಿನ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಉಬ್ಬಸದ ಪಂಪಿಗೆ ಡಾಕ್ಟರು ಚೀಟಿ ಕೊಡದೆ, ಎಲ್ಲವನ್ನೂ ಕಂಪ್ಯೂಟರಿನಲ್ಲೇ ಬರೆದು, ಇನ್ನು ಯಾವ ಔಷಧಿ ಅಂಗಡಿಗೆ ಹೋದರೂ ಸಿಗುತ್ತದೆ ಎಂದು ಕಳಿಸಿದ ದಿನ ಅವರು ದಾರಿಯುದ್ದಕ್ಕೂ ಗೊಣಗಿದ್ದರು. ಡಾಕ್ಟರನ್ನು ಹಾಗೆ ಒಪ್ಪಿಸಿದವಳು ಹೆಂಡತಿಯೇ. ಬಟ್ಟೆ ಹೊಲಿದು ಸಂಸಾರ ತೂಗಿಸಿ ಊರಿಗೆಲ್ಲ ಟೈಲರಮ್ಮ ಎನಿಸಿಕೊಂಡ ಆಕೆಗೆ, ಗಂಡನ ಜೇಬಿನ ಚೀಟಿಗಳು ಒಗೆಯುವ ನೀರಿನಲ್ಲಿ ಮುದ್ದೆಯಾಗುವುದನ್ನು ನೋಡಿ ನೋಡಿ ಸಾಕಾಗಿತ್ತು.

ಮಗಳ ಮದುವೆ ಪರ ಊರಿನಲ್ಲಿ. ಸಂಜೆಯ ಕೂಟದಲ್ಲಿ ನುಡಿಸಲೆಂದು ಮೇಷ್ಟ್ರು ತಿಂಗಳುಗಟ್ಟಲೆ ಕೂತು ಒಂದು ಹೊಸ ಧಾಟಿ ಕಟ್ಟಿದ್ದರು. ರೈಲಿಳಿದು ಸಭಾಂಗಣದ ಹಿಂದಿನ ಕೋಣೆಯಲ್ಲಿ ಕ್ಲಾರಿನೆಟ್ ಜೋಡಿಸುವಾಗ ಎದೆಯಲ್ಲಿ ಸಣ್ಣಗೆ ಸಿಳ್ಳು ಕೇಳಿಸಿತು. ಜೇಬು ತಡಕಿದರು. ಪಂಪು ಕೋಟಿನಲ್ಲಿತ್ತು, ಕೋಟು ಮನೆಯ ಬಾಗಿಲ ಹಿಂದೆ ನೇತಾಡುತ್ತಿತ್ತು.

ಮೇಷ್ಟ್ರ ಮುಖ ಬಾಡಿತು. "ಮಗಳಿಗೆ ಹೇಳ್ಬೇಡ ಕಣೇ. ಇವತ್ತು ನುಡಿಸೋಲ್ಲ, ಅಷ್ಟೇ," ಎಂದರು.

"ನೀವು ಸುಮ್ನೆ ನೆಟ್ಟಗೆ ಕೂತಿರಿ. ಜಾಸ್ತಿ ಆದ್ರೆ ತಕ್ಷಣ ಅಳಿಯನ್ನ ಕರೀರಿ," ಎಂದು ಹೆಂಡತಿ ರೇಷ್ಮೆ ಸೀರೆಯನ್ನು ಎತ್ತಿ ಸಿಕ್ಕಿಸಿ ಬೀದಿಗೆ ಓಡಿದಳು.

ತಿರುವಿನಲ್ಲೇ ಒಂದು ಔಷಧಿ ಅಂಗಡಿಯಿತ್ತು. ಕನ್ನಡಕದ ಹುಡುಗಿಯೊಬ್ಬಳು ಗಲ್ಲಾದ ಹಿಂದೆ ನಿಂತಿದ್ದಳು. ಟೈಲರಮ್ಮ ಉಸಿರು ಬಿಡದೆ ಹೇಳಿದ್ದನ್ನೆಲ್ಲ ಕೇಳಿ, ಕ್ಲಿನಿಕ್ಕಿನಿಂದ ಆಕೆಯ ಫೋನಿಗೆ ಬಂದಿದ್ದ ಸಂಖ್ಯೆಯನ್ನೂ ಮೇಷ್ಟ್ರು ಹುಟ್ಟಿದ ತಾರೀಖನ್ನೂ ಪರದೆಯಲ್ಲಿ ಒತ್ತಿದಳು. ಮೇಷ್ಟ್ರ ಹೆಸರು, ಪಂಪಿನ ಹೆಸರು, ಎಷ್ಟು ಸಲ ಎಳೆಯಬೇಕೆಂಬ ಲೆಕ್ಕ, ಡಾಕ್ಟರ ಸಹಿ, ಎಲ್ಲವೂ ಅಚ್ಚುಕಟ್ಟಾಗಿ ಮೂಡಿದವು. ತಮ್ಮೂರಿನ ಡಾಕ್ಟರು ಬರೆದದ್ದು ಈ ಕಾಣದ ಊರಿನಲ್ಲಿ ಕಣ್ಣೆದುರು ಕಂಡಾಗ ಟೈಲರಮ್ಮನಿಗೆ ತವರಿನವರು ಸಿಕ್ಕಷ್ಟು ಖುಷಿಯಾಯಿತು.

ಆದರೆ ಹುಡುಗಿ ಹುಬ್ಬು ಗಂಟಿಕ್ಕಿದಳು. ಈ ಸಲದ ಪಂಪನ್ನು ಮೇಷ್ಟ್ರು ಆಗಲೇ ತೆಗೆದುಕೊಂಡಾಗಿದೆ, ಮುಂದಿನದಕ್ಕೆ ಇನ್ನೂ ದಿನವಿದೆ. ಒಂದೇ ಬರಹಕ್ಕೆ ಎರಡು ಕಡೆ ಔಷಧಿ ಎತ್ತಬಾರದೆಂದು ಕಂಪ್ಯೂಟರು ತಡೆಯುತ್ತದೆ ಎಂದು ಬಿಡಿಸಿ ಹೇಳಿದಳು. ಡಾಕ್ಟರು ಒಪ್ಪಿದರೆ ಕೊಡಬಹುದು. ಮೇಷ್ಟ್ರು ಸಂಜೆ ನುಡಿಸಬೇಕಿದೆ ಎಂದೂ ಬರೆದು ಅಲ್ಲಿಂದಲೇ ಕೋರಿಕೆ ಕಳಿಸಿ, ಕ್ಲಿನಿಕ್ಕಿಗೆ ಫೋನನ್ನೂ ಮಾಡಿದಳು.

ಟೈಲರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. ಕಂಪ್ಯೂಟರು ಟಿಣ್ ಎಂದಿತು. ಹುಡುಗಿ ಓದಿ ನಕ್ಕಳು.

"ಡಾಕ್ಟರು ಒಪ್ಪಿದಾರೆ ಅಮ್ಮ. ಕೆಳಗೆ ಒಂದು ಸಾಲು ಬರ್ದಿದಾರೆ: ಎಳೆದ ಮೇಲೆ ಸ್ವಲ್ಪ ಹೊತ್ತು ಕೂತು, ಉಸಿರು ಸರಿಹೋದ್ರೆ ಮಾತ್ರ ನುಡಿಸ್ಲಿ. ಅವಸರ ಬೇಡ ಅಂತ."

"ಹೆಂಡತಿ ಮಾತು ಕೇಳದೋರು ಡಾಕ್ಟರ ಮಾತಾದ್ರೂ ಕೇಳ್ತಾರಾ ನೋಡೋಣ," ಎಂದ ಟೈಲರಮ್ಮ ಅವಳ ಕೆನ್ನೆ ಸವರಿ, ಅಂಗಡಿ ಮುಚ್ಚಿ ಊಟಕ್ಕೆ ಬರಲೇಬೇಕೆಂದು ಹೇಳಿ ಓಡಿದಳು.

ಮೇಷ್ಟ್ರು ಪಂಪು ಎಳೆದು, ಹೇಳಿದ ಮಾತು ಕೇಳುವ ಮಗುವಿನಂತೆ ಕೂತರು. ಸಿಳ್ಳು ಮೆಲ್ಲಗೆ ಕರಗಿತು. ಚೀಟಿಯಿಲ್ಲದೆ ಹೇಗೆ ಕೊಟ್ಟರೆಂದು ಎರಡೆರಡು ಸಲ ಕೇಳಿ, ಹೆಂಡತಿ ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿಸಿಕೊಂಡರು. ಕೊನೆಗೆ, "ನೀನು ಗೆದ್ದೆ ಬಿಡು," ಎಂದು ಎದ್ದರು.

ಧಾಟಿ ಶುರುವಾದಾಗ ಸಭಾಂಗಣದ ಗದ್ದಲ ತಾನಾಗಿ ಅಡಗಿತು. ನಡುವೆ ಒಂದು ಸ್ವರ ಜಾರಿತು. ಮಗಳು ಕಿಸಕ್ಕನೆ ನಕ್ಕಳು. ಮೇಷ್ಟ್ರೂ ನಕ್ಕು, ಆ ಸಾಲನ್ನು ಮತ್ತೆ ಮೊದಲಿನಿಂದ ಹಿಡಿದರು. ಅಷ್ಟರಲ್ಲಿ ಬಾಗಿಲಲ್ಲಿ ಕನ್ನಡಕದ ಹುಡುಗಿ ಕಂಡಳು. ಟೈಲರಮ್ಮ ಅವಳ ಕೈಹಿಡಿದು ಮುಂದಿನ ಸಾಲಿಗೆ ಎಳೆದೊಯ್ದು, ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.