ಎರಡಕ್ಕೂ ಒಂದೇ ನಂಬರು

ಮತ್ತೆ ಎರಡೂ ಒಟ್ಟಿಗೇ ಹೊರಟವು.

ಹೊರಡಬೇಕಾಗಿದ್ದುದು ಕೆಂಪು ಇಂಜಿನ್ ಮಾತ್ರ. ಹಸಿರು ಇಂಜಿನ್ ತನ್ನ ಪಾಡಿಗೆ ನಿಲ್ದಾಣದಲ್ಲಿ ನಿಂತಿರಬೇಕಿತ್ತು. ಹಳಿಗೆ ಕರೆಂಟು ಕೊಡುವ ಕಪ್ಪು ಪೆಟ್ಟಿಗೆಗಿದ್ದದ್ದು ಒಂದೇ ಗುಂಡಿ. ತಿರುಗಿಸಿದರೆ ಅದು ಇಡೀ ಹಳಿಗೆ ಹರಿಯುತ್ತಿತ್ತು, ಹಳಿಯ ಮೇಲಿದ್ದುದೆಲ್ಲ ಓಡುತ್ತಿತ್ತು. ಮೇಜಿನ ಮೇಲೆ ಎರಡು ಪುಟ್ಟ ಆಟದ ಇಂಜಿನ್ನುಗಳು ಒಂದರ ಹಿಂದೊಂದು ಸುತ್ತುವುದನ್ನು ಆತ ಗುಂಡಿಯಿಂದ ಬೆರಳು ತೆಗೆಯದೆ ನೋಡಿದ.

ಆತ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದ. ಯಾವ ವಾಕ್ಯ ಮುಗಿಸಿದರೂ ಬೆನ್ನಿಗೇ ಒಂದು ‘ಆದರೆ’ ಹಚ್ಚುತ್ತಿದ್ದುದರಿಂದ ವಿದ್ಯಾರ್ಥಿಗಳು ‘ಆದರೆ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಇದು ಅನ್ಯಾಯವೆಂದು ಆತನಿಗನ್ನಿಸಿತ್ತು. ಆದರೆ ಪೂರ್ತಿ ಅನ್ಯಾಯವೆಂದೂ ಹೇಳುವಂತಿರಲಿಲ್ಲ.

“ಸಂಜೆ ಐದಕ್ಕೆ ಫೋನ್ ಬರುತ್ತೆ,” ಬಾಗಿಲಲ್ಲಿ ನಿಂತ ಹೆಂಡತಿ ಹೇಳಿದಳು. ಭೂಮಾಪನ ಕಚೇರಿಯಲ್ಲಿ ನಕ್ಷೆ ಬಿಡಿಸುತ್ತಿದ್ದ ಅವಳಿಗೆ ದೂರದೂರಿನ ಕಚೇರಿಗೆ ಬಡ್ತಿಯಾಗಿತ್ತು. “ಬರ್ತೀನಿ ಅಂತಲೋ ಇಲ್ಲ ಅಂತಲೋ ಹೇಳ್ಬೇಕು. ನೀವು ಏನಂತೀರಿ?”

“ಯೋಚನೆ ಮಾಡ್ತಾ ಇದೀನಿ.”

“ಯಾವುದನ್ನ?”

ಆತ ಹದಿನೈದು ದಿನದಿಂದ ಯೋಚಿಸುತ್ತಿದ್ದುದಂತೂ ನಿಜ. ಹಳೇ ಪೆಟ್ಟಿಗೆಯನ್ನೇ ಇಟ್ಟುಕೊಂಡು, ಹಳಿಯನ್ನು ತುಂಡು ತುಂಡು ಮಾಡಿ ಪ್ರತಿ ತುಂಡಿಗೂ ಒಂದು ಸ್ವಿಚ್ಚು ಹಾಕುವುದೋ, ಇಲ್ಲಾ ಡಿಜಿಟಲ್ಲಿಗೆ ಹೋಗುವುದೋ? ನೋಟುಪುಸ್ತಕದ ಎಡಕ್ಕೆ ಹನ್ನೊಂದು ಅಂಶಗಳಿದ್ದವು, ಬಲಕ್ಕೂ ಹನ್ನೊಂದು. ಒಂದು ಕಡೆಗೆ ಹನ್ನೆರಡನೆಯದು ಹೊಳೆದಾಗಲೆಲ್ಲ ಪಕ್ಷಪಾತ ಬೇಡವೆಂದು ಇನ್ನೊಂದು ಕಡೆಗೂ ಹುಡುಕಲು ಕೂರುತ್ತಿದ್ದ. ಅದು ಸಿಗದೆ ಇದನ್ನೂ ಹೊಡೆದುಹಾಕುತ್ತಿದ್ದ.

“ಅಲ್ಲೂ ಕಾಲೇಜಿದೆ,” ಅವಳೆಂದಳು. “ತರ್ಕ ಹೇಳೋರು ಬೇಕಂತೆ.”

“ಒಂದು ನಿಮಿಷ, ಅಂಗಡಿಗೆ ಹೋಗಿ ಬಂದುಬಿಡ್ತೀನಿ.”

ಆಟದ ರೈಲಿನ ಅಂಗಡಿಯವರು ನಿಜವಾದ ರೈಲು ಓಡಿಸಿ ನಿವೃತ್ತರಾದವರು. ಆತ ಎಡಗಡೆಯ ಐದನೇ ಅಂಶ ಓದುತ್ತಿದ್ದಾಗಲೇ ಕೈಯೆತ್ತಿ ತಡೆದರು.

“ಮೇಷ್ಟ್ರೇ, ವಿಷಯ ಇಷ್ಟೇ. ಹಳೇದ್ರಲ್ಲಿ ನೀವು ಹಳಿಗೆ ಹೇಳ್ತೀರಿ. ಡಿಜಿಟಲ್ಲಲ್ಲಿ ಇಂಜಿನ್ನಿಗೇ ಹೇಳ್ತೀರಿ. ಒಂದೊಂದರ ಹೊಟ್ಟೇಲೂ ಒಂದು ಚಿಪ್, ಚಿಪ್ಪಿಗೊಂದು ನಂಬರ್. ಆ ನಂಬರ್ ಒತ್ತಿದ್ರೆ ಅದೊಂದೇ ಓಡುತ್ತೆ.”

“ಆದರೆ...”

“ಗೊತ್ತು ಬಿಡಿ. ಇಂಜಿನ್ ತಂದಿದೀರಾ?”

ತಂದಿದ್ದ. ತರುವುದೋ ಬೇಡವೋ ಎಂದು ತೀರ್ಮಾನವಾಗದೆ ಎರಡನ್ನೂ ಜೇಬಿಗೆ ಹಾಕಿಕೊಂಡಿದ್ದ. ಅವರು ಎರಡಕ್ಕೂ ಚಿಪ್ ಕೂರಿಸಿ, ಎರಡು ರಿಮೋಟುಗಳಿದ್ದ ಹೊಸ ಪೆಟ್ಟಿಗೆಯೊಂದನ್ನು ಕೈಗಿತ್ತರು. “ಒಂದು ವಾರ ಇಟ್ಕೊಂಡು ನೋಡಿ. ಬೇಡ ಅನ್ನಿಸಿದ್ರೆ ವಾಪಸ್ ತನ್ನಿ.”

ವಾಪಸು ತರಬಹುದೆಂಬ ಮಾತಿನಿಂದ ಆತನಿಗೆ ಹೋದ ಜೀವ ಬಂದಂತಾಯಿತು. ಮನೆಯವರೆಗೂ ಬಹಳ ದಿಟ್ಟ ಮನುಷ್ಯನಂತೆ ನಡೆದ.

ಹೊಸ ಚಿಪ್ಪುಗಳಿಗೆಲ್ಲ ಕಾರ್ಖಾನೆಯಲ್ಲೇ ಮೂರು ಎಂಬ ನಂಬರು ಕೊಟ್ಟಿರುತ್ತಾರೆ. ಆತ ಮೂರು ಒತ್ತಿದ. ಎರಡೂ ಒಟ್ಟಿಗೇ ಹೊರಟವು. ಕೆಂಪಿಗೆ ಏಳು ಎಂದು ಕೊಟ್ಟ. ಪಕ್ಕದಲ್ಲಿದ್ದ ಹಸಿರೂ ಅದನ್ನು ಕೇಳಿಸಿಕೊಂಡು ತಾನೂ ಏಳಾಯಿತು. ಹಸಿರಿಗೆ ಒಂಬತ್ತು ಕೊಟ್ಟ. ಎರಡೂ ಒಂಬತ್ತಾದವು. ಹೀಗೆಯೇ ಐದಕ್ಕೆ ಹತ್ತು ನಿಮಿಷವಿದೆ ಎನ್ನುವ ಹೊತ್ತಿಗೆ ನಲವತ್ತೊಂದರ ತನಕ ಬಂದಿದ್ದ.

ಹೆಂಡತಿ ಬಂದು ಮೇಜಿನ ಮೇಲಿದ್ದ ಕೈಪಿಡಿ ತಿರುವಿದಳು.

“ಒಂದಕ್ಕೆ ನಂಬರ್ ಕೊಡೋವಾಗ ಇನ್ನೊಂದನ್ನ ಹಳಿಯಿಂದ ಎತ್ತಿಡ್ಬೇಕಂತೆ ರೀ. ಆರನೇ ಪುಟದಲ್ಲೇ ಇದೆ.”

“ನಾನಿನ್ನೂ ಎಚ್ಚರಿಕೆಗಳ ಪುಟದಲ್ಲಿದೀನಿ.”

ಅವಳು ಹಸಿರನ್ನೆತ್ತಿ ಪಕ್ಕಕ್ಕಿಟ್ಟು ಕೆಂಪಿಗೆ ಏನೋ ನಂಬರು ಕೊಟ್ಟಳು. ಒಂದು ನಿಮಿಷವೂ ಹಿಡಿಯಲಿಲ್ಲ. ಹಸಿರನ್ನು ಮತ್ತೆ ನಿಲ್ದಾಣದಲ್ಲಿಟ್ಟು ಆತನ ಕೈಗೊಂದು ರಿಮೋಟು ಕೊಟ್ಟು ಇನ್ನೊಂದನ್ನು ತಾನು ಹಿಡಿದಳು. ಕೆಂಪು ಇಂಜಿನ್ ಗಂಭೀರವಾಗಿ ಹೊರಟು, ಮೇಜಿನ ಆಚೆ ಬದಿಗೆ ಹೋಗಿ ನಿಂತಿತು. ಹಸಿರು ಮುಂದಿನ ದೀಪ ಉರಿಸಿಕೊಂಡು ಇದ್ದಲ್ಲೇ ಇತ್ತು.

ಇಬ್ಬರೂ ಒಮ್ಮೆಲೇ ನಕ್ಕುಬಿಟ್ಟರು. ಅವಳ ಭುಜ ಆತನ ಭುಜಕ್ಕೆ ತಾಗಿತು. ‘ಬರ್ತೀನಿ, ಹೋಗೋಣ’ ಎಂಬ ಮಾತು ಎಲ್ಲಿಂದಲೋ ಎದ್ದು ನಾಲಿಗೆಯ ತುದಿಗೇ ಬಂದಾಗ ಆತನಿಗೆ ಗಾಬರಿಯಾಯಿತು.

“ಬ್ರೇಕು ಚೆನ್ನಾಗಿದೆ,” ಎಂದ.

ಅವಳು ಕೆಂಪನ್ನು ಮತ್ತೆ ಹೊರಡಿಸಿದಳು. “ನೀವೂ ಹೊರಡ್ರೀ,” ಎಂದಳು. ಅವಳ ಕಣ್ಣು ಇಂಜಿನ್ನಿನ ಮೇಲಿರಲಿಲ್ಲ.

“ಹೊರಡ್ತೀನಿ. ಆದರೆ, ಎಷ್ಟು ವೇಗದಲ್ಲಿ ಅಂತ...”

ಒಳಗೆ ಫೋನು ಬಡಿದುಕೊಂಡಿತು. ಅವಳು ಇನ್ನೂ ಒಂದು ಕ್ಷಣ ನಿಂತಳು. ಆಮೇಲೆ ರಿಮೋಟನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಬಾಗಿಲೆಳೆದುಕೊಂಡಳು.

ಕೆಂಪು ಇಂಜಿನ್ ತಿರುವು ದಾಟಿ ಬರುತ್ತಿತ್ತು. ನಿಲ್ಲಿಸೋಣವೆಂದರೆ ಅದರ ನಂಬರೇನೆಂದು ಆತ ಕೇಳಿರಲಿಲ್ಲ. ಹಸಿರನ್ನು ಓಡಿಸಬಹುದಿತ್ತು. ಮುಂದಕ್ಕೋ ಹಿಂದಕ್ಕೋ ಎನ್ನುವಷ್ಟರಲ್ಲಿ ಕೆಂಪು ಅದರ ಗೇಣು ದೂರಕ್ಕೆ ಬಂದುಬಿಟ್ಟಿತು. ಆತ ಥಟ್ಟನೆ ಹಸಿರನ್ನು ಹಳಿಯಿಂದೆತ್ತಿದ. ಅದರ ದೀಪ ಆರಿತು.

ಒಳಗಿನಿಂದ ಅವಳ ದನಿ ಕೇಳುತ್ತಿತ್ತು. ಚಕ್ರಗಳ ಸದ್ದಿನಲ್ಲಿ ಮಾತೊಂದೂ ತಿಳಿಯಲಿಲ್ಲ. ಕೆಂಪು ಹಾದುಹೋಯಿತು. ಈಗ ಇಳಿಸಬಹುದೆಂದು ಆತ ಬಾಗಿದ. ಎಲ್ಲಿ ಇಳಿಸುವುದೆಂದು ನೋಡುವಷ್ಟರಲ್ಲಿ ಅದು ಸುತ್ತು ಮುಗಿಸಿ ಬಂತು. ಮತ್ತೆ ಬಾಗಿದ. ಮತ್ತೆ ಬಂತು.

ಅಂಗೈಯಲ್ಲಿದ್ದ ಇಂಜಿನ್ ಇನ್ನೂ ಬೆಚ್ಚಗಿತ್ತು. ಅದರ ಚಕ್ರಗಳು ಆತನ ಹಸ್ತರೇಖೆಗಳ ಮೇಲೆ, ಯಾವ ಕಡೆಗೂ ತಿರುಗದೆ, ನಿಂತಿದ್ದವು.