ವರ್ಮಾಂಟಿನ ಸದಸ್ಯೆ

"ಯಾರದಾದರೂ ಆಕ್ಷೇಪಣೆ ಇದೆಯಾ?"

ಶ್ರಾಗ್ ಮೇಷ್ಟ್ರು ಇದನ್ನು ನಮ್ಮ ಕಡೆ ನೋಡಿ ಕೇಳುತ್ತಿರಲಿಲ್ಲ. ಕಿಟಕಿಯಾಚೆಯ ಗೋಧಿಹೊಲ ನೋಡುತ್ತ ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತಿದ್ದರು. ಕಾನ್ಸಾಸಿನ ನಮ್ಮ ಮೆನೊನೈಟ್ ಕ್ರೈಸ್ತರ ಪುಟ್ಟ ಕಾಲೇಜಿನಲ್ಲಿ ಅಮೆರಿಕದ ಸರ್ಕಾರ ಎಂಬ ಪಾಠ ಅವರದು. ತರಗತಿಯನ್ನೇ ಸೆನೆಟ್ ಸಭೆ ಮಾಡಿ, ತಾವೇ ಸಭಾಪತಿಯಾಗಿ, ಒಬ್ಬೊಬ್ಬರಿಗೆ ಒಂದೊಂದು ರಾಜ್ಯ ಹಂಚಿದ್ದರು. ನನಗೆ ವರ್ಮಾಂಟ್ ಬಂದಿತ್ತು.

ಮೊದಲ ವಾರವೇ ಹೇಳಿದರು: "ಶನಿವಾರ ಬೆಳಿಗ್ಗೆ ಏಳಕ್ಕೆ ಪರೀಕ್ಷೆ. ಯಾರದಾದರೂ ಆಕ್ಷೇಪಣೆ?" ನಾವು ತಲೆ ತಗ್ಗಿಸಿ ಕೂತೆವು. ಹಿರಿಯರೆದುರು ಬಾಯಿ ಮುಚ್ಚಿಕೊಂಡಿರುವುದೇ ವಿನಯವೆಂದು ಕಲಿತ ಮನೆಯ ಮಕ್ಕಳು. ಸಭಾಪತಿಯ ಸುತ್ತಿಗೆ ಮೇಜಿನ ಮೇಲೆ ಬಿತ್ತು. ಶನಿವಾರ ಆಕಳಿಸುತ್ತ ಹೋದರೆ ಮೇಷ್ಟ್ರು ಕಾಫಿ ಹೀರುತ್ತ ಕುಳಿತಿದ್ದರು.

"ಪರೀಕ್ಷೆ ಅವತ್ತೇ ಆಗೋಯ್ತಲ್ಲ, ಎಲ್ಲರೂ ಫೇಲು. ಸೆನೆಟ್ಟಲ್ಲಿ ಎಷ್ಟೋ ಕೆಲಸ ಹೀಗೇ ನಡೆಯೋದು, ಯಾರೂ ಬೇಡ ಅನ್ನಲಿಲ್ಲ ಅಂತ. ಒಬ್ಬರು ಬೇಡ ಅಂದರೆ ನಿಲ್ಲತ್ತೆ. ಇಪ್ಪತ್ತೆರಡು ಜನರಲ್ಲಿ ಒಬ್ಬರಿಗೂ ನಾಲಿಗೆ ಇಲ್ವೇನ್ರಪ್ಪಾ?"

ನನಗೆ ನಾಲಿಗೆಗಿಂತ ಕಿವಿಯೇ ದೊಡ್ಡದು. ನಸುಕಿನಲ್ಲಿ ಹಿಟ್ಟು ನಾದುತ್ತ ಅಜ್ಜಿ ಜರ್ಮನ್‌ನಲ್ಲಿ ಹೇಳುತ್ತಿದ್ದ ಪ್ರಾರ್ಥನೆಯ ಪದ್ಯಗಳನ್ನು ಕೇಳಿಯೇ ಬೆಳೆದವಳು ನಾನು. ಕೇಳುವುದೂ ಒಂದು ಪ್ರಾರ್ಥನೆ ಎಂದು ಈಗಲೂ ನಂಬಿದ್ದೇನೆ.

ಅದು ೧೯೮೦ರ ವಸಂತ. ಯುವಕರೆಲ್ಲ ಸೇನೆಯ ಪಟ್ಟಿಯಲ್ಲಿ ಹೆಸರು ಬರೆಸಬೇಕೆಂಬ ಮಾತು ದೇಶದಲ್ಲೆಲ್ಲ ಎದ್ದಿತ್ತು. ಆಯುಧ ಮುಟ್ಟದ ಜನ ನಾವು. ಮೇಷ್ಟ್ರು ಅದನ್ನೇ ನಮ್ಮ ಸೆನೆಟ್ಟಿಗೆ ಮಸೂದೆಯಾಗಿ ತಂದರು. ವಿರೋಧಿಸಿ ಮಾತಾಡುತ್ತೇನೆಂದು ಹೆಸರು ಕೊಟ್ಟವನು ನೆಬ್ರಾಸ್ಕದ ಸದಸ್ಯ ಗೇಲನ್ ಉನ್ರು. ಅವನಿಗೆ ಆಗ ಹತ್ತೊಂಬತ್ತು. ನಿಜವಾದ ಪಟ್ಟಿಗೂ ಅವನ ಹೆಸರು ಹೋಗಬೇಕಾದದ್ದೇ. ಆದರೆ ಅವನು ತೊದಲುತ್ತಿದ್ದ.

"ಲೂವೆಲ್ಲ, ಹಾ-ಹಾಡುವಾಗ ನನಗೆ ನಾಲಿಗೆ ತಡವರಿಸೋದಿಲ್ಲ ಕಣೇ," ಎಂದು ನನ್ನ ಹತ್ತಿರ ಹೇಳಿದ್ದ.

"ಹಾಗಾದರೆ ಭಾಷಣಾನೂ ಪದ್ಯದ ಹಾಗೆ ಹೇಳೋ," ಎಂದೆ.

ಎರಡು ವಾರ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು, ಅಜ್ಜಿ ಉಸಿರು ತೆಗೆಯುತ್ತಿದ್ದ ಕಡೆಗಳಲ್ಲೇ ಅವನ ಸಾಲುಗಳನ್ನು ಮುರಿದು, ಬೆರಳಿನಿಂದ ತಾಳ ಹಾಕಿ ಹೇಳಿಸಿದೆ. ಆ ಬೆಂಚು ಇನ್ನೂ ಅಲ್ಲಿದೆ. ಸೆನೆಟ್ ನಡೆಯುತ್ತಿದ್ದ ಕೋಣೆಯಲ್ಲಿ ಮಾತ್ರ ಈಗ ಮುರಿದ ಕುರ್ಚಿಗಳನ್ನು ತುಂಬಿದ್ದಾರೆ. ಹೋದಾಗಲೆಲ್ಲ ಬಾಗಿಲ ಗಾಜಿನಿಂದ ಒಮ್ಮೆ ಇಣುಕಿ ಬರುತ್ತೇನೆ.

ಆ ದಿನ ಗೇಲನ್ ಎದ್ದ. ಮೊದಲ ಸಾಲು, ಎರಡನೆಯದು, ನೀರು ಹರಿದಂತೆ. ಮೊದಲ ಮಹಾಯುದ್ಧದಲ್ಲಿ ಸಮವಸ್ತ್ರ ತೊಡುವುದಿಲ್ಲವೆಂದು ಸೆರೆಮನೆಗೆ ಹೋದ ತಾತನ ಸುದ್ದಿಗೆ ಬಂದ.

"ನನ್ನ ತಾ... ತಾ..."

ಮಾತು ಅಲ್ಲೇ ನಿಂತಿತು. ನನ್ನ ಮೇಜಿನ ಮೇಲೆ ಮೆಲ್ಲಗೆ ತಾಳ ಹಾಕಿದೆ; ಅವನಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು.

ಟೆಕ್ಸಾಸಿನ ಸದಸ್ಯ ಡಾರೆಲ್ ಎದ್ದು ನಿಂತ. "ಸಭಾಪತಿಗಳೇ, ನೆಬ್ರಾಸ್ಕದವರು ತಾತನ್ನ ಕರ್ಕೊಂಡು ಬರೋ ಹೊತ್ತಿಗೆ ಕ್ಯಾಂಟೀನಲ್ಲಿ ಗಿಣ್ಣಿನ ಕಡುಬು ಖಾಲಿ ಆಗಿರತ್ತೆ. ಚರ್ಚೆ ಇಲ್ಲಿಗೇ ಮುಗಿಸಿ ಮತಕ್ಕೆ ಹಾಕೋಕೆ ಎಲ್ಲರ ಒಪ್ಪಿಗೆ ಕೇಳ್ತೀನಿ."

ಎಲ್ಲರೂ ನಕ್ಕರು. ಗೇಲನ್ ಕೈಯಲ್ಲಿದ್ದ ಹಾಳೆ ಮಡಿಸತೊಡಗಿದ.

ಮೇಷ್ಟ್ರು ಸುತ್ತಿಗೆ ಎತ್ತಿ ಕಿಟಕಿಯತ್ತ ತಿರುಗಿದರು. ಎಳೆಯ ಗೋಧಿ ಗಾಳಿಗೆ ಬಾಗಿ ಏಳುತ್ತಿತ್ತು.

"ಯಾರದಾದರೂ ಆಕ್ಷೇಪಣೆ ಇದೆಯಾ?"

ನಾನು ಎದ್ದು ನಿಂತೆ.

"ಇದೆ ಸಾರ್. ವರ್ಮಾಂಟ್ ಒಪ್ಪೋದಿಲ್ಲ."