ಎಡಗಡೆಯ ಎರಡನೇ ಹಲ್ಲು

ಕಿಂಡಿಯ ಬಾಗಿಲು ಮುಚ್ಚಿಕೊಳ್ಳುವ ಮುನ್ನ ಆಚೆ ಕೋಣೆಯ ಬೆಳಕು ಟ್ರೇಯಲ್ಲಿದ್ದ ಕಟ್ಟುಹಲ್ಲಿನ ಸೆಟ್ಟಿನ ಮೇಲೆ ಬಿತ್ತಲ್ಲ, ಆಗ ಕಂಡಿತು, ಮೇಲಿನ ಸಾಲಿನಲ್ಲಿ ಎಡಗಡೆಯ ಎರಡನೇ ಹಲ್ಲು ಒಂದಿಷ್ಟು ತಿರುಗಿ ನಿಂತಿದೆ, ಸಾಲಿನಲ್ಲಿ ನಿಂತ ಮಗು ಹಿಂದೆ ಯಾರೆಂದು ನೋಡಲು ಹೊರಳಿದ ಹಾಗೆ, ಒಂದಿಷ್ಟೇ, ಆದರೆ ತಿರುಗಿದೆ — ಇಲ್ಲ, ಬೆಳಕಿನ ಆಟವಿರಬೇಕು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವಾಗ ಕಣ್ಣಿಟ್ಟು ನೋಡಿದ್ದೇನೆ, ಎಲ್ಲ ಮುಗಿದ ಮೇಲೆ ಎಂದಿನಂತೆ ಕಣ್ಣು ಮುಚ್ಚಿ ಹೆಬ್ಬೆರಳನ್ನು ಸಾಲಿನ ಉದ್ದಕ್ಕೂ ಓಡಿಸಿದ್ದೇನೆ, ಕಣ್ಣಿಗೆ ಮೋಸವಾಗಬಹುದು ಬೆರಳಿಗಾಗುವುದಿಲ್ಲ ಎಂದು ಕೆಲಸ ಕಲಿತ ದಿನದಿಂದ ನಂಬಿಕೊಂಡು ಬಂದವಳು ನಾನು, ಎಲ್ಲ ನುಣುಪಾಗಿತ್ತು, ಎಲ್ಲೂ ತಡೆಯಲಿಲ್ಲ, ಆಯಿತು ಎಂದು ಟ್ರೇ ಎತ್ತಿ ಕಿಂಡಿಯಲ್ಲಿಟ್ಟೆ — ಅಯ್ಯೋ, ಯಾವ ಹೆಬ್ಬೆರಳು? ಬಲಗೈಯದು. ಬಿಸಿ ಚಾಕು ತಾಗಿದರೂ ತುಟಿ ಬಿಚ್ಚದ ಹೆಬ್ಬೆರಳು. ಅದನ್ನು ಹೋಗಿ ಕೇಳಿದ್ದೇನಲ್ಲ, ಬೀಗ ಹಾಕಿದ ಮನೆಯ ಮುಂದೆ ನಿಂತು ಎಲ್ಲ ಕ್ಷೇಮವೇ ಎಂದು ಕೇಳಿದ ಹಾಗೆ, ಯಾರೂ ಮಾತಾಡದಿದ್ದಾಗ ಕ್ಷೇಮವೇ ಇರಬೇಕು ಎಂದುಕೊಂಡು ಬಂದ ಹಾಗೆ. ಇಷ್ಟು ವರ್ಷದ ಅಭ್ಯಾಸ, ಕೈ ತಾನೇ ಹೋಯಿತು, ತಲೆಗೆ ಹೊಳೆಯಲೇ ಇಲ್ಲ. ಈಗ ಕಿಂಡಿ ಮುಚ್ಚಿದೆ, ಟ್ರೇ ಆಚೆಗಿದೆ, ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಕುಳಿತ ಮನುಷ್ಯ ಬಾಯಿ ತೆರೆದಿರುತ್ತಾನೆ.

ಕೆಲವು ತಿಂಗಳ ಹಿಂದೆ ಮನೆಯ ಸಿಂಕಿನಲ್ಲಿ ಗಾಜಿನ ಜಗ್ ತೊಳೆಯುತ್ತಿದ್ದೆ, ಕೈಯಲ್ಲೇ ಒಡೆಯಿತು, ಹೆಬ್ಬೆರಳಿನ ಬುಡದಲ್ಲಿ ನರ ತುಂಡಾಯಿತು, ಹೊಲಿದರು, ಗಾಯ ವಾಸಿಯಾಯಿತು, ಬೆರಳು ಮಡಚುತ್ತದೆ, ಹಿಡಿಯುತ್ತದೆ, ನೋಡುವವರಿಗೆ ಏನೂ ಆಗಿಲ್ಲ, ತುದಿಗೆ ಮಾತ್ರ ಸ್ಪರ್ಶವಿಲ್ಲ, ಬರಬಹುದು ಎಂದರು ಹೊಲಿದ ಡಾಕ್ಟರು, ಬರದೆಯೂ ಇರಬಹುದು ಎಂದರು, ಅವರಿಗೇನು, ಎರಡೂ ದೋಣಿಯಲ್ಲಿ ಕಾಲಿಟ್ಟುಕೊಂಡೇ ಮಾತಾಡುವವರು. ಈ ವಾರ ಮತ್ತೆ ಲ್ಯಾಬಿಗೆ ಬಂದಾಗ ಯಜಮಾನರು ಕನ್ನಡಕ ಒರೆಸುತ್ತಾ, ಒರೆಸಿದ್ದನ್ನೇ ಒರೆಸುತ್ತಾ, ನೋಡಮ್ಮ, ಕೈ ಒಗ್ಗದಿದ್ರೆ ತಲೆ ಕೆಡಿಸ್ಕೋಬೇಡ, ಮುಂದೆ ಕೌಂಟರ್‌ನಲ್ಲಿ ಕೂತ್ಕೋ, ಡಬ್ಬಿ ತಗೊಳ್ಳೋದು, ಡಬ್ಬಿ ಕಳ್ಸೋದು, ಸಂಬಳಕ್ಕೇನೂ ತೊಂದ್ರೆ ಇಲ್ಲ, ಮೊದ್ಲು ಇದೊಂದು ಸೆಟ್ ಮಾಡು, ನೋಡೋಣ ಎಂದರು. ಒಳ್ಳೆಯ ಮನುಷ್ಯ, ಸಿಟ್ಟು ಮಾಡಿಕೊಳ್ಳಲೂ ಜಾಗ ಬಿಡುವುದಿಲ್ಲ, ಇನ್ನೊಬ್ಬನಾಗಿದ್ದರೆ ಕೈ ಮುಗಿದು ಮನೆಗೆ ಕಳಿಸುತ್ತಿದ್ದ. ಆದರೆ ಡಬ್ಬಿ ತೆಗೆದುಕೊಳ್ಳುವುದು, ಡಬ್ಬಿ ಕಳಿಸುವುದು, ಒಳಗಿರುವ ಬಾಯಿಯನ್ನು ನೋಡದೆ ಮುಚ್ಚಳದ ಮೇಲೆ ಚೀಟಿ ಅಂಟಿಸುವುದು, ಅದರಲ್ಲಿ ನಾನು ಎಷ್ಟು ದಿನ ನಾನಾಗಿರುತ್ತೇನೆ? ಗೋಡೆಯ ಮೇಲೆ ಯಜಮಾನರು ಹಾಕಿಸಿದ ಬೋರ್ಡು ಬೇರೆ, ನಗುನಗುತ್ತಾ ಕೆಲಸ ಮಾಡಿ, ಅದರ ಕೆಳಗೇ ಮೂರು ಹಲಗೆ ತುಂಬಾ ಹಲ್ಲಿನ ಸೆಟ್ಟುಗಳು, ಹಗಲಿರುಳು ಕಿಸಿದುಕೊಂಡೇ ಇವೆ, ಈ ಕೋಣೆಯಲ್ಲಿ ನಗುವಿಗೆ ಕೊರತೆಯೆಂದು ಯಾರು ದೂರು ಕೊಟ್ಟರೋ. ನನ್ನನ್ನು ಈ ಸ್ಟೂಲಿನ ಮೇಲೆ ಕೂರಿಸಿದ್ದು ಆ ಬೋರ್ಡಲ್ಲ, ದೊಡ್ಡಕ್ಕ.

ದೊಡ್ಡಕ್ಕ ನನ್ನ ಅಕ್ಕನೇನಲ್ಲ, ಪಕ್ಕದ ಮೇಜಿನವಳು, ಮೇಣದಲ್ಲಿ ಹಲ್ಲು ಕೂರಿಸುವುದನ್ನು ನನಗೆ ಕಲಿಸಿದವಳು, ನಾನು ಕೈಗೆ ಕಟ್ಟು ಕಟ್ಟಿಕೊಂಡು ಮನೆಯಲ್ಲಿದ್ದಷ್ಟು ದಿನವೂ ಸಂಜೆ ಫೋನ್ ಮಾಡುತ್ತಿದ್ದಳು, ಬೆರಳು ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ, ಊರೆಲ್ಲ ಅದನ್ನೇ ಕೇಳುತ್ತಿದ್ದಾಗ ಇವಳು ಮಾತ್ರ, ಇವತ್ತು ಒಂದು ದವಡೆ ಬಂತು ಕಣೇ, ಮೊಸಳೆ ನೋಡಿದ್ರೆ ನಾಚ್ಕೋಬೇಕು, ಇನ್ನೊಂದು ದಿನ, ಯಾರೋ ಮಹಾತಾಯಿ ಬಾಯಿ, ಒಳಗೆ ನಾಲಿಗೆಗೇ ಜಾಗ ಇಲ್ಲ, ಹೆಂಗೆ ಜಗಳ ಆಡ್ತಾಳೋ. ಹಾಗೆ ದಿನಕ್ಕೊಂದು ಬಾಯಿ ತಂದು ನನ್ನ ಕಿವಿಗೆ ಹಾಕಿದಳು, ಇಲ್ಲದಿದ್ದರೆ ನಾನು ಆ ಮಂಚದ ಮೇಲೆಯೇ ಬೇರು ಬಿಡುತ್ತಿದ್ದೆ. ನನ್ನ ಮೇಣದ ಚಾಕುವನ್ನು ತನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದಳು, ನನ್ನ ಬದಲಿಗೆ ಬಂದವನೊಬ್ಬ ಕಿಟಕಿ ಪಕ್ಕದ ಈ ಜಾಗ ಚೆನ್ನಾಗಿದೆ, ಕೂರಲೇ ಎಂದದ್ದಕ್ಕೆ, ಆ ಜಾಗಕ್ಕೆ ಜನ ಇದಾರೆ ಎಂದಳಂತೆ, ಪಾಲಿಶ್ ಮಾಡುವ ಮಾಮ ಹೇಳಿದ, ಅವಳಾಗಿ ಹೇಳುವವಳಲ್ಲ. ಜನ ಇದಾರೆ. ಬೆರಳು ಸತ್ತು ಮನೆಯಲ್ಲಿ ಬಿದ್ದವಳನ್ನು ಇನ್ನೂ ಲೆಕ್ಕದಲ್ಲಿಟ್ಟುಕೊಂಡಿದ್ದಳು, ಅದನ್ನು ಕೇಳಿದ ದಿನ ಬಸ್ಸಿನಲ್ಲಿ ಕುಳಿತು ಅತ್ತೆ, ಪಕ್ಕದವರು ಹಲ್ಲುನೋವಾ ಎಂದು ಕೇಳಿದರು, ಹೌದೆಂದೆ, ಇನ್ನೇನು ಹೇಳಲಿ. ಅವಳು ಹಾಗೆ ಕಾದಿಟ್ಟ ಜಾಗದಲ್ಲಿ ಕುಳಿತು ಮಾಡಿದ ಮೊದಲ ಸೆಟ್ಟಿನಲ್ಲೇ ಒಂದು ಹಲ್ಲು ತಿರುಗಿ ನಿಂತಿದೆ.

ಗೋಡೆಯಾಚೆ ಮಾತು, ಈ ಗೋಡೆಯೋ ಹೆಸರಿಗಷ್ಟೇ ಗೋಡೆ, ಪ್ಲೈವುಡ್ಡು, ಆಚೆ ಸೀನಿದರೆ ಈಚೆ ಮೇಜು ಅಲ್ಲಾಡುತ್ತದೆ, ಡಾಕ್ಟರಮ್ಮ ಕೇಳುತ್ತಿದ್ದಾಳೆ, ಏನ್ ಕೆಲಸ ಮಾಡ್ತೀರಿ ನೀವು? ನಾನು ಅವನಿಗೆ ಗುಮಾಸ್ತ ಎಂದು ಹೆಸರಿಟ್ಟಿದ್ದೆ, ಬರುವ ಪ್ರತಿ ಅಚ್ಚಿಗೂ ಹೆಸರಿಡುತ್ತೇನೆ, ಸಂಸಾರ ಕಟ್ಟಿಕೊಡುತ್ತೇನೆ, ಇಲ್ಲದಿದ್ದರೆ ಈ ಕೆಲಸದಲ್ಲಿ ಏನಿದೆ, ಬಿಳಿ ಪ್ಲಾಸ್ಟರು, ಗುಲಾಬಿ ಮೇಣ, ಸ್ಪಿರಿಟ್ ದೀಪ, ದಿನ ಬೆಳಗಾದರೆ ಅದೇ, ಆದರೆ ಈ ಹಲ್ಲು ಸವೆದದ್ದು ಯಾಕೆ, ಈ ದವಡೆ ಒಂದೇ ಕಡೆ ಅಗಿಯುವುದು ಯಾಕೆ ಎಂದು ಯೋಚಿಸುತ್ತಾ ಕುಳಿತರೆ ಗಡಿಯಾರ ನೋಡುವ ನೆನಪೇ ಇರುವುದಿಲ್ಲ, ಮುಖ ಮಾತ್ರ ಒಂದನ್ನೂ ಕಂಡಿಲ್ಲ, ಪ್ಲಾಸ್ಟರಿನ ಧೂಳು ಆಚೆ ಹೋಗಬಾರದೆಂದು ಕಿಂಡಿ ಯಾವಾಗಲೂ ಮುಚ್ಚಿಯೇ ಇರಬೇಕು. ಇವನ ಕೆಳಗಿನ ಹಲ್ಲುಗಳು ಒಂದು ಕಡೆ ಸಣ್ಣಗೆ ತಗ್ಗಾಗಿದ್ದವು, ಪೆನ್ನಿನ ಕ್ಯಾಪು ಕಚ್ಚುವವನು, ಮೇಲಧಿಕಾರಿಗೆ ಹೆದರುವವನು, ಮಾತು ಕಡಿಮೆ, ಪಾಪ ಎಂದು ತೀರ್ಮಾನಿಸಿದ್ದೆ. ತರಕಾರಿ ಮಾರ್ಕೆಟ್‌ನಲ್ಲಿ ಹರಾಜು ಕೂಗ್ತೀನಿ ತಾಯಿ, ಎನ್ನುತ್ತಿದೆ ಗೋಡೆಯಾಚೆಯ ಗಂಟಲು, ಪ್ಲೈವುಡ್ಡು ಅದುರಿತು, ಮೂಟೆ ಮೇಲಿಂದ ಬಿದ್ದು ಮೇಲಿನ ಹಲ್ಲೆಲ್ಲಾ ಹೋಯ್ತು, ಹಲ್ಲಿಲ್ದೆ ಕೂಗಿದ್ರೆ ಮುಂದೆ ನಿಂತೋರಿಗೆ ಬರೀ ಗಾಳಿ ಬೀಸುತ್ತೆ, ತಮ್ಮನ ಮಗ ಕೂಗ್ತಾ ಇದಾನೆ ನನ್ನ ಕಟ್ಟೆ ಮೇಲೆ, ಜನ ಅವನಿಗೇ ಒಗ್ಗಿಬಿಟ್ರೆ ನಾನು ಮನೇಲೇ, ಇದಾದ ಮೇಲೆ ಪೆನ್ಸಿಲ್ ಕಚ್ಕೋಬೋದಾ, ಎರಡೂ ಕೈ ಬೇಕು ನಂಗೆ, ಬೆಲೆ ಕೂಗ್ದೋರ್ನ ತೋರ್ಸೋಕೆ. ಪೆನ್ಸಿಲ್ಲೇ! ಅಷ್ಟರಮಟ್ಟಿಗೆ ನಾನು ಸರಿ, ಮಾತು ಕಡಿಮೆ ಎಂದದ್ದೊಂದು ಬಿಟ್ಟು. ಆದರೆ ಅವನಿಗೂ ಒಂದು ಕಟ್ಟೆಯಿದೆ, ಅಲ್ಲಿಗೆ ಹಿಂದಿರುಗಲು ನನ್ನ ಕೈಯ ಹಲ್ಲು ಬೇಕಾಗಿದೆ. ಸೆಟ್ಟು ಬಾಯಿಗೆ ಕೂತಿರಬೇಕು, ಹೇಳಿ ನೋಡೋಣ, ಎಂದಳು ಡಾಕ್ಟರಮ್ಮ, ಎಲ್ಲರಿಗೂ ಹೇಳಿಸುವ ಅದೇ ಮಾತು, ಹೊಸ ಸೊಸೆ ಹೊಸಿಲು ಒರೆಸಿದಳು, ಗಾಳಿ ಎಲ್ಲಾದರೂ ಸೋರಿದರೆ ಇದರಲ್ಲಿ ಗೊತ್ತಾಗುತ್ತದೆ, ಅವನು ಹೇಳಿದ, ಸೊಸೆಯ ಹತ್ತಿರ ಸೀಟಿ ಬಂತು, ಕುಕ್ಕರ್ ಕೂಗುವ ಮುಂಚೆ ಬರುವಂಥ ಸಣ್ಣ ಸೀಟಿ, ಹೊಸಿಲಿನ ಹತ್ತಿರ ಮತ್ತೆ ಬಂತು, ಒರೆಸಿದಳು ಎನ್ನುವಾಗ ಮೂರನೇ ಸಲ. ಬೆಳಕಿನ ಆಟವಲ್ಲ. ತಿರುಗಿದೆ.

ಕಿಂಡಿ ತೆರೆಯಿತು, ಟ್ರೇ ಬಂತು, ಅದರ ಹಿಂದೆ ಡಾಕ್ಟರಮ್ಮನ ಕೈಗವಸು, ಅಕ್ಕಾ, ಎಡಗಡೆ ಎರಡನೇದು ಸ್ವಲ್ಪ ತಿರುಗಿದೆ, ಈಗ್ಲೇ ಮಾಡ್ಕೊಡ್ತೀರಾ, ಇವರು ಕಾಯ್ತಾರೆ. ಅಷ್ಟೇ ಅಂದಳು, ಧ್ವನಿಯಲ್ಲಿ ಒಂದು ಕಲ್ಲೂ ಇರಲಿಲ್ಲ, ಹಾಲು ಉಕ್ಕುತ್ತಿದೆ ನೋಡಿ ಎಂದ ಹಾಗೆ ಹೇಳಿದಳು. ಬಾಗಿಲ ಹತ್ತಿರ ಯಜಮಾನರು ಕನ್ನಡಕ ಹಾಕಿಕೊಂಡರು. ದೊಡ್ಡಕ್ಕ ಎದ್ದಳು, ಕೈ ಚಾಚಿದಳು, ಅವಳಿಗೆ ಅದು ಎರಡು ನಿಮಿಷದ ಕೆಲಸ, ಕೊಟ್ಟುಬಿಡಲೇ, ಕೊಟ್ಟುಬಿಟ್ಟರೆ ಇವತ್ತಿನ ಮರ್ಯಾದೆ ಉಳಿಯುತ್ತದೆ, ನಾಳೆ ಕೌಂಟರು — ಅವಳು ಚಾಚಿದ ಕೈಯನ್ನು ನೋಡಿಕೊಂಡಳು, ಹಿಂದಕ್ಕೆ ತೆಗೆದುಕೊಂಡಳು, ಕುಳಿತಳು, ನನಗೆ ಬೆನ್ನು ಮಾಡಿ ತನ್ನ ಮೇಜಿನ ಪ್ಲಾಸ್ಟರ್ ದವಡೆಯನ್ನು ಕೆರೆಯತೊಡಗಿದಳು. ನನ್ನ ಜೀವಮಾನದಲ್ಲಿ ಯಾರೂ ನನಗೆ ಇಷ್ಟು ದೊಡ್ಡ ಉಪಕಾರ ಮಾಡಿಲ್ಲ, ಆ ಬೆನ್ನಿಗೆ ಕೈ ಮುಗಿಯಬೇಕೆನಿಸಿತು, ಕೈಯಲ್ಲಿ ಟ್ರೇ ಇತ್ತು. ದೀಪ ಹಚ್ಚಿದೆ, ಚಾಕು ಕಾಯಿಸಿದೆ, ಹಲ್ಲಿನ ಬುಡದ ಸುತ್ತ ತಾಗಿಸಿದೆ, ಮೇಣ ಹೊಳೆಯಿತು, ಹಲ್ಲು ಸಡಿಲವಾಯಿತು, ತಿರುಗಿಸುವುದು ಸುಲಭ, ಎಲ್ಲಿ ನಿಲ್ಲಿಸಬೇಕು ಎಂಬುದೇ ಕಷ್ಟ, ಅದನ್ನು ಹೇಳುತ್ತಿದ್ದದ್ದು ಹೆಬ್ಬೆರಳು. ಮನೆಯಲ್ಲಿ ಮಗಳು ಸಂಜೆ ಹೊತ್ತು ನನ್ನ ಕಣ್ಣಿಗೆ ಟವೆಲ್ಲು ಕಟ್ಟಿ ಒಂದೊಂದೇ ಬೆರಳಿಗೆ ಗುಂಡಿ, ಬಟಾಣಿ, ರಬ್ಬರು, ಹೇರ್‌ಪಿನ್ನು ಮುಟ್ಟಿಸುತ್ತಾಳೆ, ಹೆಬ್ಬೆರಳು ಎಲ್ಲದಕ್ಕೂ ಸೊನ್ನೆ, ಉಂಗುರದ ಬೆರಳು ಮಾತ್ರ ಗುಂಡಿಯಲ್ಲಿ ಎಷ್ಟು ತೂತಿದೆ ಎಂದೂ ಹೇಳಿತು, ಅಮ್ಮಾ, ಈ ಬೆರಳು ಫಸ್ಟ್ ಕ್ಲಾಸು ಎಂದಳು, ನಮ್ಮ ಮನೆಯವರು ವ್ಯಾನ್ ನಿಲ್ಲಿಸಿ ಬಂದು ಶೂ ಬಿಚ್ಚುತ್ತಾ, ಇಷ್ಟು ವರ್ಷ ಉಂಗುರ ಹಾಕ್ಕೊಂಡು ಸುಮ್ನೆ ಕೂತಿತ್ತು, ಈಗ್ಲಾದ್ರೂ ಕೆಲಸಕ್ಕೆ ಸೇರ್ಸು ಎಂದರು, ನಕ್ಕಿದ್ದೆವು, ಮೂವರೂ ನಕ್ಕಿದ್ದೆವು, ಅವರಿಬ್ಬರೂ ಇಲ್ಲದಿದ್ದರೆ ನನಗೆ ನಗುವುದೂ ಮರೆತುಹೋಗುತ್ತಿತ್ತು. ಸೇರಿಸಿದೆ. ಉಂಗುರ ತೆಗೆದು ಮೇಜಿನ ಮೇಲಿಟ್ಟೆ, ಆ ಬೆರಳನ್ನು ಹಲ್ಲಿನ ಅಂಚಿಗೆ ತಂದೆ, ಒರಟು ಬೆರಳು, ಹೊಸ ನೌಕರ, ಮೊದಲು ತಡಬಡಾಯಿಸಿತು, ಇತ್ತ ಒಂದು ಕೂದಲೆಳೆ, ಅಲ್ಲ, ಅತ್ತ, ನಿಲ್ಲಿಸು, ನಿಲ್ಲಿಸಿದೆ, ಹೊಳೆಯುತ್ತಿದ್ದ ಮೇಣ ಮಂಕಾಗುತ್ತಾ ಬಂತು, ಗಟ್ಟಿಯಾಯಿತು, ನಾನು ಕಣ್ಣು ಮುಚ್ಚಿದೆ, ಬೆರಳನ್ನು ಓಡಿಸಿದೆ, ಕೋರೆಹಲ್ಲು, ಅದರ ಪಕ್ಕದ್ದು, ನಡುವಿನವು ಎರಡು, ಆಮೇಲೆ ಅದು, ಬೆರಳು ಎಡವಲಿಲ್ಲ, ದಾಟಿಹೋಯಿತು. ಇನ್ನೊಮ್ಮೆ ಓಡಿಸಿದೆ, ಈ ಸಲ ಕಣ್ಣು ತೆರೆದುಕೊಂಡು. ಟ್ರೇಯನ್ನು ಕಿಂಡಿಯಲ್ಲಿಟ್ಟೆ.

ಡಾಕ್ಟರಮ್ಮ ತೆಗೆದುಕೊಂಡಳು, ಬಾಗಿಲು ಹಾಕುವುದನ್ನು ಮರೆತಳೋ ಬೇಕೆಂದೇ ಬಿಟ್ಟಳೋ, ಕಿಂಡಿ ತೆರೆದೇ ಉಳಿಯಿತು, ನನ್ನ ಸ್ಟೂಲಿನಿಂದ ಕಾಣುವುದು ಕುರ್ಚಿಯ ತೋಳು, ಬಿಳಿ ಬಟ್ಟೆ, ಒಂದು ಗಲ್ಲ, ಬೆಳ್ಳಗಾದ ಮೀಸೆ, ಇಲ್ಲಿ ನಾನು ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದೇನೆ, ಪಾಲಿಶ್ ಮಾಮ ಮಿಷನ್ನು ನಿಲ್ಲಿಸಿದ್ದಾನೆ, ಯಾರೂ ನಿಲ್ಲಿಸು ಎಂದಿರಲಿಲ್ಲ, ಹೇಳಿ, ಎಂದಳು ಡಾಕ್ಟರಮ್ಮ, ಹೊಸ ಸೊಸೆ ಹೊಸಿಲು ಒರೆಸಿದಳು, ಸೀಟಿ ಇಲ್ಲ, ಇನ್ನೊಂದ್ಸಲ, ಹೊಸ ಸೊಸೆ ಹೊಸಿಲು ಒರೆಸಿದಳು, ಇಲ್ಲ, ಒರೆಸಿ ಒರೆಸಿ ಹೊಸಿಲು ಸವೆದರೂ ಇಲ್ಲ, ಈಗ ನಿಮಗೆ ಬೇಕಾದ್ದೇನಾದ್ರೂ ಮಾತಾಡಿ ಎಂದಳು, ಅಷ್ಟು ಹೇಳಿದ್ದೇ ತಪ್ಪಾಯಿತು, ಗಂಟಲು ಎದ್ದು ನಿಂತಿತು, ಬನ್ನಿ ಬನ್ನಿ, ಡಾಕ್ಟರ ಕುರ್ಚಿ, ಕೂತೋರು ಏಳಲ್ಲ, ಎದ್ದೋರು ಮತ್ತೆ ಕೂರಲ್ಲ, ಯಾರ್ ಕೇಳ್ತೀರಿ, ಒಂದು ಸಲ, ಡಾಕ್ಟರಮ್ಮ ನಗುತ್ತಾ, ಕಚ್ಬೇಡಿ, ಅದಿನ್ನೂ ಮೇಣ ಎನ್ನುತ್ತಿದ್ದಾಳೆ, ಅವನೆಲ್ಲಿ ಕೇಳುತ್ತಾನೆ, ಎರಡು ಸಲ, ಪ್ರತಿ ಸಲದ ಸಕಾರವೂ ಹೊಸ ಗರಗಸದ ಹಾಗೆ ಕೊಯ್ಯುತ್ತಿದೆ, ಮಾಮ ಈ ಕಡೆಯಿಂದ ನಂಗಿರಲಿ ಎಂದು ಕೂಗಿದ, ದೊಡ್ಡಕ್ಕ ಬೆನ್ನು ತಿರುಗಿಸದೆಯೇ, ಕೊಡ್ಬೇಡಿ ಅವನಿಗೆ, ತೊಳ್ಯೋದೇ ಇಲ್ಲ ಎಂದಳು, ಅವಳ ಭುಜ ಅಲ್ಲಾಡುತ್ತಿದೆ, ನಗುವೋ ಅಳುವೋ, ಯಜಮಾನರು ಕನ್ನಡಕ ತೆಗೆದು ಮತ್ತೆ ಒರೆಸುತ್ತಾ ನನ್ನ ಮೇಜಿನ ಹತ್ತಿರ ನಿಂತು, ಹಾಗಾದ್ರೆ ಕೌಂಟರ್‌ಗೆ ಬೇರೆ ಯಾರನ್ನಾದ್ರೂ ಹುಡುಕ್ಬೇಕಲ್ಲಮ್ಮ, ಎಂದರು, ಹುಡುಕಿ ಸಾರ್ ಎನ್ನಬೇಕು, ಎಲ್ಲರಿಗೂ ಏನಾದರೂ ಹೇಳಬೇಕು, ಅಷ್ಟರಲ್ಲಿ ಆ ಮನುಷ್ಯ ಈ ಕಡೆಗೇ ತಿರುಗಿದ, ಕಿಂಡಿಗೆ ಸರಿಯಾಗಿ, ಒಳಗಿರೋರು ಏನಂತೀರಿ, ಕೂಗ್ಲಾ ಮೂರನೇ ಸಲ, ಎಂದು ಬಾಯಿ ತುಂಬ ನಕ್ಕ, ಅವನ ಮುಖ ನೋಡಬೇಕಿತ್ತು, ಇಷ್ಟು ವರ್ಷಕ್ಕೆ ಒಂದು ಮುಖ, ನೋಡಲಾಗಲಿಲ್ಲ, ಕಣ್ಣು ಅಲ್ಲೇ ನಿಂತಿತು, ಎಡಗಡೆಯ ಎರಡನೇ ಹಲ್ಲು, ಒದ್ದೆಯಾಗಿದೆ, ನನ್ನ ಮೇಜಿನ ಮೇಲೆ ಹಲ್ಲುಗಳು ಯಾವತ್ತೂ ಒಣಗಿಯೇ ಇರುತ್ತವೆ, ಇದು ಒದ್ದೆಯಾಗಿದೆ, ಅವನ ಉಸಿರು ಅದನ್ನು ದಾಟಿಕೊಂಡು ಬರುತ್ತಿದೆ, ನೆಟ್ಟಗೆ ನಿಂತಿದೆ, ಎಡಗಡೆಯ ಎರಡನೇ ಹಲ್ಲು, ಒದ್ದೆಯಾಗಿ, ನೆಟ್ಟಗೆ, ಒದ್ದೆಯಾಗಿ —